ನಿಕಾಹ್‌ನಾಮೆಯಿಂದ ನ್ಯಾಯದೇಗುಲದವರೆಗೆ

ಬೆಂಗಳೂರು ಇಂದು ಒಂದೇ ನಗರವಾಗಿ ಕಾಣುವುದಾದರೂ, 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಲ್ಪಟ್ಟಂದಿನಿಂದ 1947ರವರೆಗೆ ಅದು ಆಳಿಕೆಯ ದೃಷ್ಟಿಯಿಂದ ಎರಡು ಊರುಗಳಾಗಿದ್ದಿತು. ಹಲಸೂರನ್ನೂ ಅದರ ನೆರೆಯ ದಂಡಿನ ಪೇಟೆಗಳನ್ನೂ ಒಳಗೊಂಡ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ ಉಳಿಯಿತು. ಕೆಂಪೇಗೌಡರ ಪೇಟೆಯೂ, ಕೃಷ್ಣರಾಜಪುರ, ಆನೇಕಲ್ಲು, ಯಶವಂತಪುರಗಳ ಕಡೆಯ ಹಳ್ಳಿಗಳೂ ಮಹಾರಾಜರ ಸರ್ಕಾರಕ್ಕೆ ಸೇರಿದುವು. ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರವನ್ನು ದಾಟಿ, 1882ರಲ್ಲಿ ಚಾಮರಾಜ ಒಡೆಯರು ದಯಪಾಲಿಸಿದ ನೆಲದಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ನೆಲೆಗೊಂಡ ವೈಟ್‌ಫೀಲ್ಡಿನ ಕಡೆಗೆ ಹೊರಟ ಗಾಡಿಯವನು, ತಾನರಿಯದೆಯೇ ಒಂದು ಶಾಸನಮಂಡಲವನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸುತ್ತಿದ್ದನು. ಆತನು ಮುಸಲ್ಮಾನನಾಗಿದ್ದಲ್ಲಿ ಅವನ ಮದುವೆ, ಅವನ ಮಗಳ ಪಾಲು, ಅವನ ತಂಗಿಯ ವಿಚ್ಛೇದನ ಇವೆಲ್ಲವೂ ಆ ಗಡಿಯ ಎರಡು ಕಡೆಗಳಲ್ಲಿಯೂ ಶರೀಅತ್ತಿನ ಹೆಸರಿನಲ್ಲಿಯೇ ನಡೆಯುತ್ತಿದ್ದುವಾದರೂ, ಆ ಶರೀಅತ್ತನ್ನು ಯಾರು ಓದಿ ಹೇಳಬೇಕು, ಯಾರು ಜಾರಿಮಾಡಬೇಕು ಎಂಬ ಪ್ರಶ್ನೆಗೆ ಉತ್ತರವು ರಾಜ್ಯಾಧಿಕಾರವನ್ನು ಅವಲಂಬಿಸಿದ್ದಿತು.

ಕೌಟುಂಬಿಕ ವಿಷಯಗಳಲ್ಲಿ ನಾಗರಿಕ ಕಾನೂನಿಗೂ ಇಸ್ಲಾಮೀ ಕಾನೂನಿಗೂ ನಡೆದಿರುವ ಘರ್ಷಣೆಯನ್ನು ದೆಹಲಿಯ ರಾಜಕಾರಣದ ವೃತ್ತಾಂತವಾಗಿ ಹೇಳುವುದು ವಾಡಿಕೆ. ಒಂದು ಕಡೆಯಲ್ಲಿ ಧರ್ಮ, ಇನ್ನೊಂದು ಕಡೆಯಲ್ಲಿ ರಾಜ್ಯ, ಇವೆರಡೂ ಸೃಷ್ಟಿಯ ಆದಿಯಿಂದಲೂ ಎದುರುಬದುರಾಗಿ ನಿಂತಿವೆಯೆಂಬಂತೆ ನಮ್ಮ ಸಭೆಗಳಲ್ಲಿ ವಾದಗಳು ನಡೆಯುತ್ತವೆ. ಬೆಂಗಳೂರಿನ ಮತ್ತು ಅದರ ಹೊರವಲಯದ ಅನುಭವವನ್ನು ಅನುಕ್ರಮವಾಗಿ ನೋಡಿದವರಿಗಾದರೋ ಬೇರೊಂದು ಸಂಗತಿಯು ಗೋಚರವಾಗುತ್ತದೆ: ಈ ಎರಡು ಕಾನೂನುಗಳೂ ಇನ್ನೂರೈವತ್ತು ವರ್ಷಗಳಿಂದ ಒಂದರೊಳಗೊಂದು ಹೆಣೆದುಕೊಂಡೇ ಬೆಳೆದಿವೆ, ಅವು ನಿಜವಾಗಿ ಸಂಧಿಸುವ ಸ್ಥಳವು ಸಂಸತ್ತೂ ಅಲ್ಲ, ಸಾರ್ವಜನಿಕ ಸಭೆಯೂ ಅಲ್ಲ, ಮದುವೆಯ ದಿನ ನಿಕಾಹ್ ನಡೆಸುವ ಖಾಜಿಯ ದಫ್ತರಿನಲ್ಲಿ ಬರೆಯಲ್ಪಡುವ ನಿಕಾಹ್‌ನಾಮೆಯೆಂಬ ಒಂದು ಪುಟ, ಆ ಪುಟವನ್ನು ಅಲಕ್ಷಿಸಿದ್ದರಿಂದಲೇ ಬಹುಪಾಲು ಸಂಕಟಗಳು ಉದ್ಭವಿಸಿವೆ.

1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದ ನ್ಯಾಯಾಡಳಿತಕ್ಕಾಗಿ ರೂಪಿಸಿದ ಯೋಜನೆಯಲ್ಲಿ, ದಾಯಭಾಗ, ವಿವಾಹ ಮುಂತಾದ ವಿಷಯಗಳಲ್ಲಿ ಮುಸಲ್ಮಾನರಿಗೆ ಕುರಾನಿನ ಕಾನೂನನ್ನೂ ಹಿಂದೂಗಳಿಗೆ ಶಾಸ್ತ್ರದ ಕಾನೂನನ್ನೂ ಅನ್ವಯಿಸತಕ್ಕದ್ದೆಂದು ವಿಧಿಸಿದನು. ಅರಬ್ಬಿಯನ್ನರಿಯದ ಆಂಗ್ಲ ನ್ಯಾಯಾಧೀಶರ ಬಳಿಯಲ್ಲಿ ಮೌಲವಿಗಳು ಶಾಸ್ತ್ರಾರ್ಥವನ್ನು ಹೇಳುವುದಕ್ಕಾಗಿ ನೇಮಕಗೊಂಡರು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ನನು ‘ಹಿದಾಯಾ’ ಎಂಬ ಹನಫೀ ಪಂಥದ ನ್ಯಾಯಗ್ರಂಥವನ್ನು, ಅದರ ಪಾರಸೀ ಅನುವಾದದ ಮೂಲಕ, ಇಂಗ್ಲಿಷಿಗೆ ತಂದನು. 1864ರಲ್ಲಿ ಸರ್ಕಾರವು ಆ ಮೌಲವಿಗಳ ಹುದ್ದೆಯನ್ನೇ ರದ್ದುಮಾಡಿತು. ಪ್ರಶ್ನೆಯನ್ನು ಕೇಳಿ, ವ್ಯಕ್ತಿಯ ಸ್ಥಿತಿಗತಿಗಳನ್ನು ನೋಡಿ, ಹಲವು ಪಂಥಗಳ ಅಭಿಪ್ರಾಯಗಳನ್ನು ತೂಗಿ ಉತ್ತರ ಕೊಡುತ್ತಿದ್ದ ಪಂಡಿತನ ಸ್ಥಾನದಲ್ಲಿ, ಅನುವಾದದ ಅನುವಾದವೊಂದು ಅಚಲವಾದ ಸಂಹಿತೆಯಂತೆ ಪ್ರತಿಷ್ಠಿತವಾಯಿತು. ಅಲ್ಲಿಂದ ಮುಂದೆ ನ್ಯಾಯಾಲಯಗಳಲ್ಲಿ ಮುಸ್ಲಿಂ ಕಾನೂನೆಂದು ಕರೆಯಲ್ಪಟ್ಟುದು ಶರೀಅತ್ತಿನ ಮೂಲದಿಂದ ಹೊರಟು ಆಂಗ್ಲ ನ್ಯಾಯಪದ್ಧತಿಯ ಅಚ್ಚಿನಲ್ಲಿ ಎರಕಗೊಂಡ ಮಿಶ್ರ ವಸ್ತು. ಬ್ರಿಟಿಷ್ ಭಾರತದಲ್ಲಿ ಹೀಗೆ ಬೆಳೆದ ಈ ಪದ್ಧತಿಯ ಛಾಯೆಯು ಮೈಸೂರಿನ ನ್ಯಾಯಾಲಯಗಳ ಮೇಲೂ ಬೀಳದಿರಲಿಲ್ಲ.

ಶರೀಅತ್ತಿಗೂ ಮುಸಲ್ಮಾನರ ವಾಸ್ತವ ಜೀವನಕ್ಕೂ ಎಷ್ಟು ಅಂತರವಿದ್ದಿತೆಂಬುದಕ್ಕೆ ಕಚ್ಛೀ ಮೇಮನರು ಉತ್ತಮವಾದ ನಿದರ್ಶನ. ಕಚ್ಛದಿಂದ ವ್ಯಾಪಾರಕ್ಕಾಗಿ ಬಂದು ಬೆಂಗಳೂರಿನ ದಂಡಿನಲ್ಲಿಯೂ ನೆಲಸಿ, ಅಂಗಡಿಗಳನ್ನೂ ಧರ್ಮಸಂಸ್ಥೆಗಳನ್ನೂ ಕಟ್ಟಿದ ಈ ಸೇಠರು ನಿಷ್ಠೆಯಲ್ಲಿ ಮುಸಲ್ಮಾನರು. ಆದರೆ ದಾಯಭಾಗದಲ್ಲಿ ಅವರು ಅನುಸರಿಸುತ್ತಿದ್ದುದು ಹಿಂದೂ ರೂಢಿಯನ್ನು. 1847ರಲ್ಲಿ ಮುಂಬಯಿಯ ನ್ಯಾಯಾಧೀಶ ಅರ್ಸ್ಕಿನ್ ಪೆರ್ರಿಯು ಆ ರೂಢಿಯನ್ನೇ ಊರ್ಜಿತಗೊಳಿಸಿದುದರಿಂದ, ಕುರಾನು ಮಗಳಿಗೆಂದು ನಿಗದಿಪಡಿಸಿದ್ದ ಪಾಲು ಆಕೆಯ ಕೈತಪ್ಪಿತು. ಈ ರೂಢಿಯ ವ್ಯಾಪ್ತಿಯೆಷ್ಟೆಂಬ ಚರ್ಚೆಯು ಸ್ವಾತಂತ್ರ್ಯಾನಂತರವೂ ಮುಗಿಯಲಿಲ್ಲ. ಮೈಸೂರು ರಾಜ್ಯದ ಮೇಮನ ಕುಟುಂಬವೊಂದರ ಎಸ್ಟೇಟ್ ಸುಂಕದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಹಿಂದೂ ರೂಢಿಯು ಅವರ ಉತ್ತರಾಧಿಕಾರಕ್ಕೆ ಮಾತ್ರ ಸೀಮಿತವಾದುದೇ ಹೊರತು ಅವಿಭಕ್ತ ಕುಟುಂಬದ ಜಂಟಿ ಸ್ವತ್ತಿನ ನಿಯಮವು ಅವರಿಗೆ ಅನ್ವಯಿಸದೆಂದು 1972ರಲ್ಲಿ ತೀರ್ಮಾನವಾಯಿತು. ಒಂದೇ ಮನೆಯಲ್ಲಿ ನಿಕಾಹ್ ಶರೀಅತ್ತಿನದು, ಆಸ್ತಿ ಮಿತಾಕ್ಷರೆಯ ನೆರಳಿನದು, ತೆರಿಗೆ ಭಾರತ ಸರ್ಕಾರದ್ದು; ಕಾನೂನುಗಳು ಸ್ವಚ್ಛವಾಗಿ ವಿಂಗಡಗೊಂಡಿದ್ದ ಕಾಲವೊಂದು ಹಿಂದೆ ಇದ್ದಿತೆಂದು ಭಾವಿಸುವವರಿಗೆ ಈ ಚರಿತ್ರೆಯು ಸಮಾಧಾನ ಕೊಡದು.

ಇಂಥ ರೂಢಿಗಳನ್ನು ನಿವಾರಿಸಿ ಶರೀಅತ್ತನ್ನೇ ಸ್ಥಾಪಿಸಬೇಕೆಂಬ ಉದ್ದೇಶದಿಂದ 1937ರಲ್ಲಿ ಶರೀಅತ್ ಅನ್ವಯ ಶಾಸನವು ಜಾರಿಗೆ ಬಂದಿತು. ಅಂದು ಮಹಿಳಾ ಸಂಘಟನೆಗಳು ಅದನ್ನು ಬೆಂಬಲಿಸಿದುವು, ಏಕೆಂದರೆ ರೂಢಿಯು ಹೆಣ್ಣಿಗೆ ಏನನ್ನೂ ಕೊಡದಿದ್ದ ಪ್ರಾಂತಗಳಲ್ಲಿ ಶರೀಅತ್ತು ಆಕೆಗೆ ಸಹೋದರನ ಪಾಲಿನ ಅರ್ಧವನ್ನಾದರೂ ಕೊಡುತ್ತಿದ್ದಿತು. ಆದರೆ ಭೂಮಾಲಿಕರ ಒತ್ತಾಯಕ್ಕೆ ಮಣಿದು ಕೃಷಿಭೂಮಿಯನ್ನು ಶಾಸನದಿಂದ ಹೊರಗಿಡಲಾಯಿತು. ಎರಡು ವರ್ಷಗಳ ತರುವಾಯ, 1939ರಲ್ಲಿ, ಮುಸ್ಲಿಂ ವಿವಾಹ ವಿಸರ್ಜನ ಶಾಸನವು ಬಂದಿತು. ಹನಫೀ ಪಂಥದ ನಿಯಮದಂತೆ ಗಂಡನು ಕಾಣೆಯಾದರೂ, ಹಿಂಸಿಸಿದರೂ ಹೆಂಡತಿಗೆ ಬಿಡುಗಡೆಯು ದುರ್ಲಭವಾಗಿದ್ದು, ಕೆಲವರು ಅನ್ಯಮಾರ್ಗ ಕಾಣದೆ ಮತವನ್ನೇ ತ್ಯಜಿಸುತ್ತಿದ್ದ ಸಂದರ್ಭದಲ್ಲಿ, ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕೀ ಪಂಥದ ಅಭಿಪ್ರಾಯವನ್ನು ಎರವಲು ಪಡೆದು ದಾರಿ ತೋರಿಸಿದರು. ಆ ದಾರಿಯನ್ನೇ ಶಾಸನವು ಅನುಸರಿಸಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಸೆರೆವಾಸವಾದರೆ, ಕ್ರೌರ್ಯದಿಂದ ನಡೆದುಕೊಂಡರೆ, ಹೆಂಡತಿಯು ನ್ಯಾಯಾಲಯದಿಂದ ವಿಸರ್ಜನೆಯನ್ನು ಪಡೆಯಬಹುದಾಯಿತು. ಉಲೇಮಾಗಳ ವಿದ್ವತ್ತೂ ಶಾಸನಸಭೆಯ ಅಧಿಕಾರವೂ ಒಂದು ಕಾರ್ಯದಲ್ಲಿ ಕೂಡಿದ ಈ ಪ್ರಸಂಗವು ಮರೆಯತಕ್ಕದ್ದಲ್ಲ.

ಬ್ರಿಟಿಷ್ ಭಾರತದ ಶಾಸನಗಳು ತಾವಾಗಿಯೇ ಮೈಸೂರಿನ ಗಡಿಯನ್ನು ದಾಟುತ್ತಿರಲಿಲ್ಲ. 1956ರಲ್ಲಿ ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ, ಕೊಡಗುಗಳು ಒಂದುಗೂಡಿದಾಗ, ಒಂದೊಂದು ಭಾಗದ ಮುಸಲ್ಮಾನರೂ ತಮ್ಮ ತಮ್ಮ ಶಾಸನಪರಂಪರೆಯನ್ನು ಹೊತ್ತು ಬಂದರು. 1959ರ ವಿಸ್ತರಣ ಶಾಸನವು 1960ರ ಫೆಬ್ರವರಿಯಿಂದ ಜಾರಿಗೆ ಬಂದು, ಶರೀಅತ್ ಶಾಸನವನ್ನು ಕಾಶ್ಮೀರದ ಹೊರತು ಭಾರತದ ಉಳಿದೆಲ್ಲ ಭಾಗಗಳಿಗೂ ವಿಸ್ತರಿಸಿತು. ಇದಕ್ಕೂ ಮೊದಲೇ, 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಏಕರೂಪದ ನಾಗರಿಕ ಸಂಹಿತೆಯ ಪ್ರಸ್ತಾಪವು ಬಂದು, ಮದರಾಸಿನ ಮಹಮ್ಮದ್ ಇಸ್ಮಾಯಿಲ್, ಪೋಕರ್ ಸಾಹೇಬರು ವಿರೋಧಿಸಿ, ಮುನ್ಷಿ, ಅಲ್ಲಾಡಿ, ಅಂಬೇಡ್ಕರರು ಸಮರ್ಥಿಸಿ, ಕೊನೆಗೆ ಅದು 44ನೆಯ ಅನುಚ್ಛೇದವಾಗಿ, ನ್ಯಾಯಾಲಯದಲ್ಲಿ ಜಾರಿಮಾಡಿಸಲಾಗದ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ ಸ್ಥಾನ ಪಡೆದಿದ್ದಿತು.

ಆದರೆ ನೊಂದವರು ನಿರ್ದೇಶಕ ತತ್ತ್ವಕ್ಕಾಗಿ ಕಾಯಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವು, ವಿಚ್ಛೇದನ ಹೊಂದಿ ಮರುಮದುವೆಯಾಗದಿರುವ ಹೆಂಗಸನ್ನೂ ಜೀವನಾಂಶದ ಮಟ್ಟಿಗೆ ಹೆಂಡತಿಯೆಂದೇ ಪರಿಗಣಿಸಿತು. ಮತವನ್ನು ಅದು ಕೇಳಲಿಲ್ಲ. ಇಂದೂರಿನ ಷಾ ಬಾನೋ ಎಂಬಾಕೆ ನಾಲ್ಕು ದಶಕಗಳಿಗೂ ಮೀರಿದ ದಾಂಪತ್ಯದ ತರುವಾಯ ಮನೆಯಿಂದ ಹೊರಬಿದ್ದು, ತಿಂಗಳಿಗೆ 500 ರೂಪಾಯಿ ಬೇಡಿದಳು. ಮ್ಯಾಜಿಸ್ಟ್ರೇಟರು 25 ರೂಪಾಯಿ ವಿಧಿಸಿದರು. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಈ ಅಲ್ಪ ಮೊತ್ತದ ಮೇಲೆ ಗಂಡನು ಸಲ್ಲಿಸಿದ ಮೇಲ್ಮನವಿಯನ್ನು 1985ರ ಏಪ್ರಿಲ್ 23ರಂದು ವಜಾಮಾಡಿದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಪಾಂಡವಪುರದ ಸೀಮೆಯ ಇ. ಎಸ್. ವೆಂಕಟರಾಮಯ್ಯನವರೂ ಇದ್ದರು. ದೇಶವು ಕಂಪಿಸಿತು. 1986ರ ಮೇ ತಿಂಗಳಲ್ಲಿ ರಾಜೀವ ಗಾಂಧಿಯವರ ಸರ್ಕಾರವು ತಂದ ಶಾಸನವು, ವಿಚ್ಛಿನ್ನಳಾದ ಮುಸ್ಲಿಂ ಮಹಿಳೆಯ ಹಕ್ಕನ್ನು ತಲಾಖಿನ ತರುವಾಯ ಕಾಯಬೇಕಾದ ಇದ್ದತ್ತೆಂಬ ಸುಮಾರು ಮೂರು ತಿಂಗಳ ಅವಧಿಗೆ ಮೊಟಕುಗೊಳಿಸಿತೆಂದೇ ಎಲ್ಲರೂ ತಿಳಿದರು. ಷಾ ಬಾನೋಳ ವಕೀಲರಾಗಿದ್ದ ಡೇನಿಯಲ್ ಲತೀಫಿಯವರು ಆ ಶಾಸನವನ್ನೇ ಪ್ರಶ್ನಿಸಿದರು. 2001ರ ಸೆಪ್ಟೆಂಬರಿನಲ್ಲಿ ಐವರ ಪೀಠದ ಪರವಾಗಿ ತೀರ್ಪನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು. ಇದ್ದತ್ತಿನ ಅವಧಿಯೊಳಗೆ ಕೊಡಬೇಕೆಂದರೆ ಇದ್ದತ್ತಿಗಾಗಿ ಮಾತ್ರ ಕೊಡಬೇಕೆಂದು ಅರ್ಥವಲ್ಲ, ಆಕೆಯ ಮುಂದಣ ಬದುಕಿಗೆ ನ್ಯಾಯವೂ ಯುಕ್ತವೂ ಆದ ಏರ್ಪಾಡನ್ನು ಆ ಅವಧಿಯೊಳಗೆ ಮಾಡಿ ಮುಗಿಸಬೇಕೆಂದು ಅರ್ಥ ಎಂದು ಅವರು ವಿವರಿಸಿದರು. ಶಾಸನವು ಉಳಿಯಿತು, ಹಕ್ಕೂ ಉಳಿಯಿತು.

ಇದೇ ಕಾಲದಲ್ಲಿ ಬೆಂಗಳೂರಿನ ಹೊರವಲಯದ ಸ್ವರೂಪವೇ ಪಲ್ಲಟಗೊಳ್ಳುತ್ತಿದ್ದಿತು. ವಾಯವ್ಯದಲ್ಲಿ ಪೀಣ್ಯದ ಲೇತು, ಮಿಲ್ಲಿಂಗ್ ಯಂತ್ರಗಳ ಶೆಡ್ಡುಗಳು ಸಾಲುಗಟ್ಟಿದುವು. ದಕ್ಷಿಣದಲ್ಲಿ, 1978ರಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಸ್ತಿವಾರವನ್ನು ಹಾಕಿತು. ಪೂರ್ವದಲ್ಲಿ, 1990ರ ದಶಕದಲ್ಲಿ, ವೈಟ್‌ಫೀಲ್ಡಿನ ಐಟಿಪಿಎಲ್ ತಂತ್ರಜ್ಞಾನ ಉದ್ಯಾನವು ಎದ್ದು ನಿಂತಿತು. ರಾಯಚೂರು, ಕಲಬುರಗಿ, ವಿಜಯಪುರಗಳಿಂದ, ಕೋಲಾರ, ಚಿಂತಾಮಣಿಗಳಿಂದ, ದೂರದ ಬಿಹಾರ, ಬಂಗಾಳಗಳಿಂದ ಬಂದ ಕುಟುಂಬಗಳು ವೆಲ್ಡಿಂಗು, ಗಾರೆ, ಚಾಲಕವೃತ್ತಿ, ಗಾರ್ಮೆಂಟ್ಸ್ ಕೆಲಸಗಳನ್ನು ಹಿಡಿದುವು. ಅವರ ಮಕ್ಕಳಲ್ಲಿ ಹಲವರು ಕಂಪ್ಯೂಟರಿನ ಮುಂದೆ ಕುಳಿತರು. ಈ ವಲಸೆಯು ಕೌಟುಂಬಿಕ ಕಾನೂನಿನ ಕಥೆಯಲ್ಲಿ ಬಹುಮುಖ್ಯವಾದ ಘಟನೆ. ಊರಿನಲ್ಲಿ ಗಂಡನು ಹೆಂಡತಿಯನ್ನು ಬಿಟ್ಟರೆ ಮಸೀದಿಯ ಜಮಾತು ಕೂಡುತ್ತಿದ್ದಿತು. ಮಸೀದಿಯ ಆಡಳಿತಗಾರನಾದ ಮುತವಲ್ಲಿಯು ಕರೆಸಿ ಕೇಳುತ್ತಿದ್ದನು. ಅಪ್ಪ, ಮಾಮು, ಚಿಚ್ಚಾಗಳು ಜಗಲಿಯಲ್ಲಿ ಕುಳಿತು ಲೆಕ್ಕ ಒಪ್ಪಿಸುತ್ತಿದ್ದರು. ಬಾಡಿಗೆಯ ಕೊಠಡಿಗಳ ವಠಾರದಲ್ಲಿ ಆ ಯಾವ ಬಂಧುವೂ ಇಲ್ಲ. ಮಸೀದಿ ಹತ್ತಿರದಲ್ಲಿಯೇ ಇರಬಹುದು. ಆದರೆ ನಿಕಾಹಿನ ದಫ್ತರು ಸಿಂಧನೂರಿನಲ್ಲಿ, ಸಾಕ್ಷಿಗಳು ಮಾನ್ವಿಯಲ್ಲಿ, ಗಂಡನು ಕೆಲಸ ಬದಲಿಸಿ ಹೊಸೂರಿನಲ್ಲಿ.

ಊರಿನ ಜಮಾತಾದರೂ ಸದಾ ಹೆಣ್ಣಿಗೆ ಆಸರೆಯಾಗಿದ್ದಿತೆಂದು ಹೇಳುವಂತಿಲ್ಲವೆಂಬುದನ್ನು ನಮ್ಮ ಸಾಹಿತ್ಯವೇ ಸಾರಿದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ಮೂಲಕ ತಲಾಖಿನ ಮಾತು ಒಂದು ಎಳೆಯ ಸಂಸಾರವನ್ನು ಹೇಗೆ ಭಗ್ನಗೊಳಿಸುತ್ತದೆಂಬುದನ್ನು ಕಾಣಿಸಿದರು. ಹಾಸನದಲ್ಲಿ ವಕೀಲಿ ನಡೆಸಿದ ಬಾನು ಮುಷ್ತಾಕರು ‘ಕರಿ ನಾಗರಗಳು’ ಕಥೆಯಲ್ಲಿ, ಹೆಣ್ಣುಮಕ್ಕಳನ್ನು ಹೆತ್ತಳೆಂದು ಪರಿತ್ಯಕ್ತಳಾದ ತಾಯಿಯೊಬ್ಬಳು ಮುತವಲ್ಲಿಯ ಮುಂದೆ ನ್ಯಾಯ ಬೇಡಿ ನಿಂತುದನ್ನು ಬರೆದರು. ಗಿರೀಶ ಕಾಸರವಳ್ಳಿಯವರು 2004ರಲ್ಲಿ ಅದನ್ನು ‘ಹಸೀನಾ’ ಚಲನಚಿತ್ರವನ್ನಾಗಿಸಿದರು. ಈ ಇಬ್ಬರು ಲೇಖಕಿಯರೂ ಸಮುದಾಯದ ಒಳಗೆ ನಿಂತೇ ಮಾತನಾಡಿದವರು. ಅದಕ್ಕಾಗಿ ಬಹಿಷ್ಕಾರ, ನಿಂದೆಗಳನ್ನು ಸಹಿಸಿದವರು. ನ್ಯಾಯಾಲಯಗಳು ಶಾಸನದ ಭಾಷೆಯಲ್ಲಿ ಹೇಳುತ್ತಿದ್ದ ಕಾಲದಲ್ಲಿಯೇ, ಧರ್ಮವು ಕೊಟ್ಟ ಹಕ್ಕನ್ನು ಧರ್ಮದ ಹೆಸರಿನಲ್ಲಿ ಕಸಿಯುವುದು ಅಧರ್ಮವೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದ ಕೀರ್ತಿ ಇವರದು.

ಇಲ್ಲಿ ಖಾಜಿಯ ದಫ್ತರಿನ ಆ ಪುಟವನ್ನು ಸಮೀಪದಿಂದ ನೋಡುವುದು ಯುಕ್ತ. ನಿಕಾಹಿನ ದಿನ ವಧುವಿನ ಪ್ರತಿನಿಧಿಯಾದ ವಕೀಲನೊಬ್ಬನೂ ಇಬ್ಬರು ಸಾಕ್ಷಿಗಳೂ ವಧುವಿರುವ ಕೋಣೆಗೆ ಹೋಗಿ ಆಕೆಯ ಒಪ್ಪಿಗೆಯನ್ನು ಕೇಳಿ ಬರುತ್ತಾರೆ, ಖಾಜಿಯು ವರನು ವಧುವಿಗೆ ಸಲ್ಲಿಸಬೇಕಾದ ಮೆಹರಿನ ಮೊತ್ತವನ್ನು ಎಲ್ಲರಿಗೂ ಕೇಳಿಸುವಂತೆ ಉಚ್ಚರಿಸುತ್ತಾನೆ, ವರನು ಖುಬೂಲ್ ಎಂದು ಅಂಗೀಕರಿಸುತ್ತಾನೆ, ದಫ್ತರಿನಲ್ಲಿ ಸಹಿಗಳು ಬೀಳುತ್ತವೆ, ಖರ್ಜೂರ ಹಂಚಲ್ಪಡುತ್ತದೆ. ಮೆಹರ್ ಒಡನೆ ಸಲ್ಲತಕ್ಕದ್ದೋ, ಮುಂದಕ್ಕೆ ಸಲ್ಲತಕ್ಕದ್ದೋ ಎಂಬುದಕ್ಕೆ ಅಲ್ಲಿ ಸ್ಥಳವುಂಟು. ಷರತ್ತುಗಳನ್ನು ಬರೆಯುವುದಕ್ಕೂ ಧರ್ಮಶಾಸ್ತ್ರದ ಅಡ್ಡಿಯಿಲ್ಲ. ಗಂಡನು ಇನ್ನೊಂದು ಮದುವೆಯಾದರೆ ತನ್ನನ್ನು ತಾನೇ ವಿಚ್ಛೇದಿಸಿಕೊಳ್ಳುವ ಅಧಿಕಾರವು ಹೆಂಡತಿಗೆ ಸೇರತಕ್ಕದ್ದೆಂದು ಒಪ್ಪಂದ ಮಾಡಿಕೊಳ್ಳುವ ತಲಾಖ್-ಎ-ತಫ್ವೀಜ್ ಎಂಬ ಕ್ರಮವನ್ನು ಫಿಕ್ಹಿನ, ಅಂದರೆ ಧರ್ಮಶಾಸ್ತ್ರದ, ಪಂಡಿತರು ಬಹುಕಾಲದಿಂದಲೂ ಬಲ್ಲರು. ಆದರೆ ವಾಡಿಕೆಯಲ್ಲಿ ಷರತ್ತಿನ ಜಾಗವು ಖಾಲಿಯಾಗಿ ಉಳಿಯುತ್ತದೆ. ಶುಭಕಾರ್ಯದ ಹೊತ್ತಿನಲ್ಲಿ ಅಶುಭವನ್ನು ಬರೆಯಿಸುವುದು ಬೇಡವೆಂದು ಹಿರಿಯರು ತಡೆಯುತ್ತಾರೆ.

ಹಾಗೆ ಖಾಲಿಯುಳಿದ ಪುಟದ ಫಲವೇನೆಂಬುದು ಬೆಂಗಳೂರಿನ ಒಂದು ಪ್ರಕರಣದಲ್ಲಿ ವ್ಯಕ್ತವಾಗಿದೆ. ಆ ಮದುವೆಯ ಮೆಹರ್ 5,000 ರೂಪಾಯಿ. 1991ರ ನವೆಂಬರಿನಲ್ಲಿ ಗಂಡನು ತಲಾಖ್ ಹೇಳಿ, ಆ 5,000ವನ್ನೂ ಇದ್ದತ್ತಿನ ಬಾಬ್ತು 900 ರೂಪಾಯಿಗಳನ್ನೂ ಕೊಟ್ಟು, ತನ್ನ ಋಣವು ತೀರಿತೆಂದು ಭಾವಿಸಿದನು. ಇನ್ನೊಂದು ಮದುವೆಯೂ ಆಯಿತು. 2002ರಲ್ಲಿ ಹೆಂಡತಿಯು ಜೀವನಾಂಶಕ್ಕಾಗಿ ದಾವೆ ಹೂಡಿದಳು; 2011ರಲ್ಲಿ ಕುಟುಂಬ ನ್ಯಾಯಾಲಯವು ತಿಂಗಳಿಗೆ 3,000 ರೂಪಾಯಿ ವಿಧಿಸಿತು; ಗಂಡನು ಹೈಕೋರ್ಟಿಗೆ ಹೋದನು. 2021ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅರ್ಜಿಯನ್ನು 25,000 ರೂಪಾಯಿ ಖರ್ಚಿನೊಡನೆ ವಜಾಮಾಡಿದರು. ಮುಸ್ಲಿಂ ವಿವಾಹವು ಹಿಂದೂ ವಿವಾಹದಂತೆ ಸಂಸ್ಕಾರವಲ್ಲದೆ ಒಪ್ಪಂದವೆಂಬುದು ನಿಜವೇ. ಆದರೆ ಒಪ್ಪಂದವು ಮುರಿದೊಡನೆ ಅದರಿಂದ ಹುಟ್ಟಿದ ಕರ್ತವ್ಯಗಳೆಲ್ಲ ಅಳಿದುಹೋಗುವುದಿಲ್ಲವೆಂಬುದು ಅವರ ನಿರ್ಣಯದ ಸಾರ. ತಲಾಖಿನಿಂದ ಈ ತೀರ್ಪಿಗೆ ಮೂವತ್ತು ವರ್ಷ! ಕುಟುಂಬ ನ್ಯಾಯಾಲಯವಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲುಗಳನ್ನು ಏರಿ ಇಳಿದ ಒಂದು ಜೀವವು ತನ್ನ ಯೌವನವನ್ನೆಲ್ಲ ಅಲ್ಲಿ ಸವೆಸಿತೆಂಬುದನ್ನು ನೆನೆದರೆ, ಕಾನೂನಿನ ಶ್ರೇಷ್ಠತೆಯ ವಾದಗಳು ಎಷ್ಟು ಬರಿದಾದುವೆಂಬುದು ಮನಸ್ಸಿಗೆ ನಾಟುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ಅದೇ ನ್ಯಾಯಮೂರ್ತಿಗಳಿದ್ದ ಕಲಬುರಗಿಯ ವಿಭಾಗೀಯ ಪೀಠವು ವಿಜಯಪುರದ ದಂಪತಿಗಳ ಪ್ರಕರಣದಲ್ಲಿ, ಗಂಡನ ಎರಡನೆಯ ವಿವಾಹವು ಶರೀಅತ್ತಿನಂತೆ ಸಿಂಧುವಾದರೂ ಮೊದಲ ಹೆಂಡತಿಗೆ ಅದು ಕ್ರೌರ್ಯವೇ ಆಗಬಹುದೆಂದು ಹೇಳಿ, ಆಕೆಗೆ ದೊರೆತಿದ್ದ ವಿಸರ್ಜನೆಯನ್ನು ಎತ್ತಿಹಿಡಿದಿದ್ದಿತು. ಆ ವಿಸರ್ಜನೆಯ ಆಧಾರವು 1939ರಲ್ಲಿ ಉಲೇಮಾಗಳ ವಿದ್ವತ್ತಿನ ನೆರವಿನಿಂದ ಬಂದ ಪರಂಪರೆಯಲ್ಲಿಯೇ ಇರುವುದು.

2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಇಬ್ಬರ ಎದುರು ಮೂವರ ಬಹುಮತದಿಂದ ಒಂದೇ ಉಸಿರಿನ ಮೂರು ತಲಾಖನ್ನು ರದ್ದುಗೊಳಿಸಿತು. ಬಹುಮತದಲ್ಲಿಯೂ ಎರಡು ದಾರಿಗಳಿದ್ದುವು: ನಾರಿಮನ್, ಲಲಿತರು ಅದನ್ನು ಸಮಾನತೆಗೆ ವಿರುದ್ಧವಾದ ಸ್ವೇಚ್ಛಾಚಾರವೆಂದರು, ಕುರಿಯನ್ ಜೋಸೆಫರು ಅದು ಕುರಾನಿಗೇ ವಿರುದ್ಧವೆಂದರು. ಮೂಡುಬಿದಿರೆಯ ಸೀಮೆಯ ಎಸ್. ಅಬ್ದುಲ್ ನಜೀರರು ಮುಖ್ಯ ನ್ಯಾಯಮೂರ್ತಿ ಖೇಹರರೊಡನೆ ಭಿನ್ನಮತದಲ್ಲಿದ್ದು, ಇದನ್ನು ಸರಿಪಡಿಸುವ ಕೆಲಸವು ಶಾಸನಸಭೆಗೆ ಸೇರಿದ್ದೆಂದು ಅಭಿಪ್ರಾಯಪಟ್ಟರು. 2019ರ ಶಾಸನವು ಅಂಥ ತಲಾಖಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ದಿನಗೂಲಿಯ ಗಂಡನು ಸೆರೆಮನೆ ಸೇರಿದರೆ ಜೀವನಾಂಶವನ್ನು ಯಾರು ತರಬೇಕು ಎಂಬ ಪ್ರಶ್ನೆಯು ಪೀಣ್ಯದ ವಠಾರದಲ್ಲಿರುವ ಹೆಂಡತಿಗೆ ಕೇವಲ ತರ್ಕದ ವಿಷಯವಲ್ಲ.

ನಾಗರಿಕ ಕಾನೂನು ಸರಳವಾಗಿ ಗೆದ್ದರೆ ಸಾಲದೆಂಬುದನ್ನು 2022ರ ಒಂದು ಪ್ರಕರಣವು ಇನ್ನೂ ತೀಕ್ಷ್ಣವಾಗಿ ತಿಳಿಸುತ್ತದೆ. ಹದಿನೇಳು ವರ್ಷದ ಗರ್ಭಿಣಿಯೊಬ್ಬಳು ಆಸ್ಪತ್ರೆಗೆ ತಪಾಸಣೆಗೆಂದು ಬಂದಳು; ವಯಸ್ಸನ್ನು ಗಮನಿಸಿದ ವೈದ್ಯಾಧಿಕಾರಿಗಳು ಕಾನೂನಿನ ವಿಧಿಯಂತೆ ತಿಳಿಸಲಾಗಿ, ಕೃಷ್ಣರಾಜಪುರದ ಪೊಲೀಸರು ಆಕೆಯ ಗಂಡನ ಮೇಲೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಮತ್ತು ಬಾಲ್ಯವಿವಾಹ ನಿಷೇಧ ಶಾಸನಗಳಡಿಯಲ್ಲಿ, ಮೊಕದ್ದಮೆ ಹೂಡಿದರು. ಶರೀಅತ್ತಿನಂತೆ ಪ್ರೌಢಾವಸ್ಥೆಯೇ ವಿವಾಹದ ವಯಸ್ಸೆಂದು ಗಂಡನ ಪರವಾಗಿ ವಾದಿಸಲಾಯಿತು. ನ್ಯಾಯಮೂರ್ತಿ ರಾಜೇಂದ್ರ ಬಾದಾಮಿಕರರು ಪೋಕ್ಸೋ ವಿಶೇಷ ಶಾಸನವಾದುದರಿಂದ ವೈಯಕ್ತಿಕ ಕಾನೂನನ್ನು ಮೀರುವುದೆಂದು ಆ ವಾದವನ್ನು ತಳ್ಳಿಹಾಕಿದರಾದರೂ, ಗರ್ಭವತಿಯ ಆರೈಕೆಗೆ ಗಂಡನ ಅಗತ್ಯವನ್ನು ಮನಗಂಡು ಜಾಮೀನನ್ನು ನೀಡಿದರು. ಬಾಲ್ಯವಿವಾಹ ನಿಷೇಧವು ಮುಸಲ್ಮಾನರಿಗೂ ಸಲ್ಲುವುದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿಯೇ ಹೇಳಿದ್ದಿತು. ನಮ್ಮ ರಾಜ್ಯದ 2016ರ ತಿದ್ದುಪಡಿಯು ಅಂಥ ಮದುವೆಯನ್ನು ಆರಂಭದಿಂದಲೇ ಶೂನ್ಯವೆಂದು ಸಾರಿತು. ನಿಯಮವು ಸಾಧುವಾದುದು, ಹದಿನೇಳರ ಬಾಲೆಯನ್ನು ತಾಯಿಯಾಗಿಸುವ ಪದ್ಧತಿಗೆ ಯಾವ ಸಮರ್ಥನೆಯೂ ಸಲ್ಲದು. ಆದರೆ ಶೂನ್ಯವೆನಿಸಿದ ಮದುವೆಯಲ್ಲಿ ಆಕೆಯ ಮೆಹರೇನು, ಪದವಿಯೇನು ಎಂಬುದಕ್ಕೆ ಉತ್ತರವನ್ನೂ ನಿಯಮದ ಜೊತೆಯಲ್ಲಿಯೇ ಕೊಡಬೇಕಾದ ಹೊಣೆ ರಾಜ್ಯದ್ದು.

ಮದುವೆಯ ದಾಖಲೆಯ ಕುರಿತು ಕೂಡ ಘರ್ಷಣೆಯು ನಡೆಯಿತು. ಕರ್ನಾಟಕದಲ್ಲಿ ವಿವಾಹ ನೋಂದಣಿಯ ಶಾಸನವು 1976ರಿಂದಲೂ ಉಂಟು. ಎಲ್ಲ ಮತದವರ ಮದುವೆಗಳೂ ನೋಂದಣಿಯಾಗಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಆದರೂ ಬಹುಮಂದಿಗೆ ನಿಕಾಹ್‌ನಾಮೆಯೇ ಸಾಕೆನಿಸಿದ್ದಿತು. ಕಂಪನಿಯು ನೌಕರನನ್ನು ಪರದೇಶಕ್ಕೆ ಕಳುಹಿಸುವಾಗ ಹೆಂಡತಿಯ ವೀಸಾಕ್ಕೆ ಸರ್ಕಾರಿ ಮುದ್ರೆಯ ಪತ್ರ ಬೇಕಾದಾಗಲೇ ತೊಡಕು ತಿಳಿಯುತ್ತಿದ್ದುದು. 2023ರ ಆಗಸ್ಟ್ 30ರಂದು ರಾಜ್ಯ ಸರ್ಕಾರವು ವಕ್ಫ್ ಮಂಡಳಿಯ ಜಿಲ್ಲಾ ಅಧಿಕಾರಿಗಳು ಮುಸಲ್ಮಾನರಿಗೆ ವಿವಾಹ ಪ್ರಮಾಣಪತ್ರ ನೀಡಬಹುದೆಂದು ಆಜ್ಞೆ ಹೊರಡಿಸಿತು. ವಕ್ಫ್ ಶಾಸನದಲ್ಲಿ ಅಂಥ ಅಧಿಕಾರವೇ ಇಲ್ಲವೆಂಬ ಆಕ್ಷೇಪವು ಹೈಕೋರ್ಟಿಗೆ ಬಂದು, 2024ರ ನವೆಂಬರಿನಲ್ಲಿ ಆ ಆಜ್ಞೆಗೆ ತಡೆ ಬಿದ್ದಿತು. ಧರ್ಮಸ್ವತ್ತಿನ ಮಂಡಳಿಗೆ ನೋಂದಣಿಯ ಭಾರವನ್ನು ಹೊರಿಸುವ ಬದಲು, ನೋಂದಣಾಧಿಕಾರಿಯೇ ಖಾಜಿಯ ದಫ್ತರಿನ ಬಳಿಗೆ ಹೋಗುವಂತೆ ಮಾಡಿದ್ದಲ್ಲಿ ಆಕ್ಷೇಪಕ್ಕೂ ಎಡೆಯಿರುತ್ತಿರಲಿಲ್ಲ, ಉದ್ದೇಶವೂ ನೆರವೇರುತ್ತಿದ್ದಿತು.

ಆಸ್ತಿಯ ವಿಷಯವು ಹೊರವಲಯದಲ್ಲಿ ವಿಶೇಷವಾಗಿ ಉರಿಯುವುದು, ಏಕೆಂದರೆ ರಾಗಿಯ ಹೊಲವಾಗಿದ್ದುದು ನಿವೇಶನವಾಗಿ ಮಾರ್ಪಟ್ಟಾಗ ಅರ್ಧ ಪಾಲಿಗೂ ಪೂರ್ಣ ಪಾಲಿಗೂ ನಡುವಣ ವ್ಯತ್ಯಾಸವು ಕೋಟಿಗಳಲ್ಲಿ ಎಣಿಕೆಯಾಗುತ್ತದೆ. ಹಿಂದೂ ಮನೆಯ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು; ಪಕ್ಕದ ಮನೆಯ ಮುಸ್ಲಿಂ ಮಗಳಿಗೆ ಅಣ್ಣನ ಅರ್ಧ. 2025ರ ಏಪ್ರಿಲಿನಲ್ಲಿ ಹೈಕೋರ್ಟು ನಿರ್ಣಯಿಸಿದ ಬೆಂಗಳೂರಿನ ಪ್ರಕರಣವೊಂದರಲ್ಲಿ, ಮೃತಳಾದ ಹೆಂಗಸಿನ ಗಂಡನಿಗೂ ಆಕೆಯ ಒಡಹುಟ್ಟಿದವರಿಗೂ ವ್ಯಾಜ್ಯ. ದಂಪತಿಗಳು ಕೂಡಿ ಗಳಿಸಿದ ಸ್ವತ್ತಿನಲ್ಲಿ ಅರ್ಧ ಗಂಡನದೇ. ಆಕೆಯ ಅರ್ಧದಲ್ಲಿ, ಮಕ್ಕಳಿಲ್ಲದುದರಿಂದ, ಮತ್ತೆ ಅರ್ಧವು ಗಂಡನಿಗೆ. ಉಳಿದ ಕಾಲುಭಾಗದಲ್ಲಿ, ಇಡೀ ಸ್ವತ್ತಿನ ಲೆಕ್ಕಕ್ಕೆ, ಇಬ್ಬರು ಸಹೋದರರಿಗೆ ಹತ್ತರಲ್ಲೊಂದರಂತೆ, ಸಹೋದರಿಗೆ ಇಪ್ಪತ್ತರಲ್ಲೊಂದು. ಈ ಕೊನೆಯ ಭಿನ್ನರಾಶಿಯ ಎದುರಿನಲ್ಲಿ ನ್ಯಾಯಮೂರ್ತಿ ಹಂಚಾಟೆ ಸಂಜೀವಕುಮಾರರು ಏಕರೂಪ ನಾಗರಿಕ ಸಂಹಿತೆಯನ್ನು ರಚಿಸಬೇಕೆಂದು ಶಾಸನಸಭೆಗಳನ್ನು ಕೋರಿದರು. ಶಾಸನಕ್ಕಾಗಿ ಕಾಯದೆ ದಾರಿ ಕಂಡುಕೊಂಡವರೂ ಉಂಟು. 2023ರ ಮಾರ್ಚ್ 8ರಂದು, ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ, ವಕೀಲರೂ ನಟರೂ ಆದ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ, 1994ರಲ್ಲಿ ನಿಕಾಹ್ ಆದವರು, 1954ರ ವಿಶೇಷ ವಿವಾಹ ಶಾಸನದಡಿಯಲ್ಲಿ ಮತ್ತೊಮ್ಮೆ ಮದುವೆಯಾದರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಆಸ್ತಿಯ ಮೂರರಲ್ಲೊಂದು ಭಾಗವು ಶುಕ್ಕೂರರ ಸಹೋದರರಿಗೆ ಹೋಗದೆ ಮೂವರು ಪುತ್ರಿಯರಿಗೇ ಸಲ್ಲಬೇಕೆಂಬುದು ಅವರ ಇಚ್ಛೆ.

ಜೀವನಾಂಶದ ಮಾತಿಗೆ ಮರಳುವುದಾದರೆ, 2024ರ ಜುಲೈ 10ರಂದು, ತೆಲಂಗಾಣದಿಂದ ಬಂದ ಮೇಲ್ಮನವಿಯೊಂದರಲ್ಲಿ, 125ನೆಯ ಪ್ರಕರಣದ ಬಾಗಿಲು ವಿಚ್ಛಿನ್ನಳಾದ ಮುಸ್ಲಿಂ ಮಹಿಳೆಗೆ ಎಂದೂ ಮುಚ್ಚಿರಲಿಲ್ಲ, 1986ರ ಶಾಸನವು ಹೆಚ್ಚಿನ ಪರಿಹಾರವೇ ಹೊರತು ಬದಲಿ ಪರಿಹಾರವಲ್ಲ, ಆಯ್ಕೆಯು ಆಕೆಗೇ ಸೇರಿದ್ದು ಎಂದು ಸರ್ವೋಚ್ಚ ನ್ಯಾಯಾಲಯವು ಘೋಷಿಸಿತು. ನ್ಯಾಯಮೂರ್ತಿ ಮಸೀಹರೊಡನೆ ಆ ಪೀಠದಲ್ಲಿದ್ದವರು ಬಿ. ವಿ. ನಾಗರತ್ನ, 1985ರ ಪೀಠದಲ್ಲಿದ್ದ ವೆಂಕಟರಾಮಯ್ಯನವರ ಪುತ್ರಿ. ತಂದೆಯ ಕಾಲದಲ್ಲಿ ಆರಂಭವಾದ ವಿವಾದವು ಮಗಳ ಕಾಲದಲ್ಲಿ ಒಂದು ನಿಲುಗಡೆಗೆ ಬಂದಿತು.

ಈ ದೀರ್ಘ ವೃತ್ತಾಂತದಿಂದ ನನಗೆ ತೋರುವುದಿಷ್ಟು. ಯಾವ ಕಾನೂನು ಮೇಲು ಎಂಬ ವಾದದಿಂದ ಯಾವ ಹೆಣ್ಣಿಗೂ ಒಂದು ತಿಂಗಳ ಬಾಡಿಗೆಯೂ ಹುಟ್ಟಿಲ್ಲ. 1939ರಲ್ಲಿ, 2001ರಲ್ಲಿ, 2024ರಲ್ಲಿ ಪ್ರಯೋಜನವು ದೊರೆತುದು ಎರಡು ಕಾನೂನುಗಳನ್ನೂ ಜೊತೆಗಿಟ್ಟು ದುರ್ಬಲರ ಪರವಾಗಿ ಓದಿದಾಗ. ಸಮಪಾಲಿನ ಸಂಹಿತೆಯು ಬರುವುದಾದರೆ ಅದು ಸಮುದಾಯವನ್ನು ಗದರಿಸುವ ಅಸ್ತ್ರವಾಗದೆ, ಮುಸ್ಲಿಂ ಮಹಿಳೆಯರ ಮಾತನ್ನು ಮೊದಲು ಕೇಳಿ ಬರಲಿ. ಅದು ಬರುವವರೆಗೆ ಮಾಡಬಹುದಾದ ಕೆಲಸವು ನಮ್ಮ ಕೈಯಲ್ಲಿಯೇ ಇದೆ: ನಿಕಾಹ್‌ನಾಮೆಯನ್ನು ವಧುವು ಓದಬಲ್ಲ ಭಾಷೆಯಲ್ಲಿ ಬರೆಯುವುದು, ಮೆಹರನ್ನು ಸಾಂಕೇತಿಕ ಮೊತ್ತಕ್ಕೆ ಇಳಿಸದೆ ಬದುಕಿಗೆ ಆಗುವಷ್ಟು ನಿಗದಿಪಡಿಸುವುದು, ಷರತ್ತುಗಳ ಜಾಗವನ್ನು ತುಂಬುವುದು, ಒಂದು ಪ್ರತಿಯನ್ನು ವಧುವಿನ ಕೈಯಲ್ಲಿರಿಸಿ ಇನ್ನೊಂದನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು, ಅದರ ಆಧಾರದ ಮೇಲೆ ಬರುವ ಜೀವನಾಂಶದ ಅರ್ಜಿಯನ್ನು ಆನೇಕಲ್ಲು, ಕೃಷ್ಣರಾಜಪುರ, ಪೀಣ್ಯದವರ ಮನೆಯ ಸಮೀಪದಲ್ಲಿಯೇ, ವರ್ಷಗಳಲ್ಲಲ್ಲದೆ ತಿಂಗಳುಗಳಲ್ಲಿ ತೀರ್ಮಾನಿಸುವುದು. ಇದರಲ್ಲಿ ಖಾಜಿಗೂ ಪಾಲುಂಟು, ಮಸೀದಿಯ ಕಮಿಟಿಗೂ ಪಾಲುಂಟು, ಸರ್ಕಾರಕ್ಕೂ ನ್ಯಾಯಪೀಠಕ್ಕೂ ಪಾಲುಂಟು. ಶರೀಅತ್ತು ನಿಕಾಹನ್ನು ಒಪ್ಪಂದವೆಂದು ಕರೆದಿದೆ. ಒಪ್ಪಂದಗಳನ್ನು ಈಡೇರಿಸುವುದು ನಾಗರಿಕ ಕಾನೂನಿನ ಮೊದಲ ಕರ್ತವ್ಯ. ಆ ಒಂದು ಪುಟದಲ್ಲಿ ಇವೆರಡೂ ಒಪ್ಪಿ ಸೇರುವುದಕ್ಕೆ ತಡೆಯಾಗಿ ನಿಂತಿರುವುದು ಧರ್ಮವೂ ಅಲ್ಲ, ಸಂವಿಧಾನವೂ ಅಲ್ಲ, ನಮ್ಮ ಔದಾಸೀನ್ಯ.